ಸುರತ್ಕಲ್–ಕೋಲಾಡ್ ರೋ-ರೋ: ಲಾರಿ ಮಾಲೀಕನ ಲೆಕ್ಕ

ರೋ-ರೋ ಅಂದರೆ ಲೋಡು ತುಂಬಿದ ಲಾರಿಯನ್ನೇ ರೈಲಿನ ವ್ಯಾಗನ್ ಮೇಲೆ ಹತ್ತಿಸಿ ಕಳಿಸುವುದು. ಹಾಗೆ ಹತ್ತಿಸಿದರೆ ಏನಾದರೂ ಉಳಿಯುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲವು ವರ್ಷಗಳಿಂದ ಹತ್ತಿಸುತ್ತಿದ್ದೇನೆ. ಉಕ್ಕಿನ ಕಾಯಿಲ್ (ಹಾಳೆಯ ಸುರುಳಿ), ಮೆಷಿನ್ ಭಾಗ, ಕಲ್ಲಿನ ಚಪ್ಪಡಿ ಥರ ಭಾರ ಜಾಸ್ತಿ, ಎತ್ತರ ಕಡಿಮೆ ಇರುವ ಮಾಲಾದರೆ ಕಣ್ಣು ಮುಚ್ಚಿ ಹತ್ತಿಸಿ.

ಕೊಂಕಣ ರೈಲ್ವೆ ಇದನ್ನು 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರು ಮಾಡಿತು. ಸುರತ್ಕಲ್‌ಗೆ ಬಂದದ್ದು ಆಮೇಲೆ. ರೈಲಿನ ಬಾಡಿಗೆಯನ್ನು ಬರೀ ಡೀಸೆಲ್ ಖರ್ಚಿನ ಪಕ್ಕ ಇಟ್ಟು ನೋಡಬೇಡಿ. ಟೈರು, ಬ್ರೇಕ್ ಲೈನರ್, ಕ್ಲಚ್ ಪ್ಲೇಟಿನ ಬಿಲ್ಲುಗಳನ್ನೂ ಸೇರಿಸಿ. ಫುಲ್ ಲೋಡ್ ಗಾಡಿ ಚಿಪ್ಳೂಣ್ ಹತ್ತಿರ ಪರಶುರಾಮ ಘಾಟಿ ಇಳಿಯುವಾಗ ಲೈನರ್ ಎಷ್ಟು ಸವೆಯುತ್ತದೆ ಅಂತ ಗ್ಯಾರೇಜಿನವರನ್ನು ಕೇಳಿ. ರೈಲು ದಾರಿಯ ಏರು 150 ಮೀಟರಿಗೆ ಒಂದು ಮೀಟರ್, ಅಷ್ಟೇ. ಗುಡ್ಡ ಅಡ್ಡ ಬಂದಲ್ಲೆಲ್ಲ ಸುರಂಗ, ಒಟ್ಟು 91. ರತ್ನಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್.

ಹತ್ತಿಸುವಾಗ ಮಾತ್ರ ಪಳಗಿದ ಡ್ರೈವರ್ ಬೇಕು. ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಗಾಡಿ ದಾಟಿಸಿಕೊಂಡು ಹೋಗಬೇಕು. ಟೈರಿನ ಪಕ್ಕದಲ್ಲಿ ಜಾಗ ಕಡಿಮೆ. ಕ್ಲೀನರ್ ಮುಂದೆ ನಿಂತು "ಬರ್ಲಿ ಅಣ್ಣಾ, ಬರ್ಲಿ, ಸ್ವಲ್ಪ ಬಲಕ್ಕೆ" ಅನ್ನುತ್ತಾ ಹಿಂದೆ ಹಿಂದೆ ಸರಿಯುತ್ತಾನೆ.

ಆಮೇಲೆ ಇಬ್ಬರೂ ಲಾರಿಯಲ್ಲೇ ಪ್ರಯಾಣ. ಡೀಸೆಲ್ ಇಂಜಿನ್ ಕಾಲದಲ್ಲಿ ಸುರಂಗ ಬಂದರೆ ಗಾಜು ಏರಿಸಿ, ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. 2022ರಲ್ಲಿ ಇಡೀ ಮಾರ್ಗಕ್ಕೆ ಕರೆಂಟ್ ಬಂತು, ಆ ಕಾಟ ಇಳಿಯಿತು. ಆದರೆ ಮೇಲೆ 25,000 ವೋಲ್ಟ್ ತಂತಿ! ಟರ್ಪಾಲು ಬಿಚ್ಚಿತು ಅಂತ ಲೋಡಿನ ಮೇಲೆ ಹತ್ತುವ ಹಾಗೇ ಇಲ್ಲ. ಹಗ್ಗವನ್ನು ಊರಲ್ಲೇ ಬಿಗಿಯಾಗಿ ಕಟ್ಟಿ ಕಳಿಸಿ.

ಎತ್ತರದ ಅಳತೆಯಲ್ಲೂ ರಿಯಾಯಿತಿ ಇಲ್ಲ. ಒಂದು ಕಾರ್ಖಾನೆಯವರು "ಕಡಿಮೆನೇ ಇದೆ ಸಾರ್" ಅಂದು ಮೆಷಿನ್ ಪೆಟ್ಟಿಗೆಯ ಅಡಿಗೆ ದಪ್ಪ ಮರದ ತೊಲೆ ಇಟ್ಟು ಕಳಿಸಿದ್ದರು. ಗಾಡಿ ಸ್ಟೇಷನ್‌ನಿಂದ ವಾಪಸ್. ಕ್ರೇನ್ ಬಾಡಿಗೆ ಯಾರು ಕೊಡಬೇಕು ಅಂತ ವಾರಗಟ್ಟಲೆ ಜಗಳ. ಈಗ ನಾನೇ ಟೇಪ್ ಹಿಡಿದು ಅಳೆಯುತ್ತೇನೆ.

ಮಾರ್ಗದ ಬಹುಪಾಲು ಒಂಟಿ ಹಳಿ. ಪ್ಯಾಸೆಂಜರ್ ಗಾಡಿ ಬಂದರೆ ನಾವು ಪಕ್ಕಕ್ಕೆ. ಮಳೆಗಾಲದಲ್ಲಿ ವೇಗವನ್ನೂ ಇಳಿಸುತ್ತಾರೆ. ವ್ಯಾಗನ್ ಮೇಲೆ ಶೌಚಾಲಯ ಇರುವುದಿಲ್ಲ, ಗಾಡಿ ನಿಂತಾಗಲೇ ಆಗಬೇಕು. ಅದಕ್ಕೇ ಡ್ರೈವರ್‌ಗೆ ಊಟ, ನೀರಿನ ಜೊತೆ ಬಾಟಾ (ದಿನದ ಭತ್ಯೆ) ಸ್ವಲ್ಪ ಜಾಸ್ತಿಯೇ ಕೊಡುತ್ತೇನೆ. ನಾಳೆ ಬೆಳಿಗ್ಗೆ ಇಷ್ಟು ಗಂಟೆಗೇ ಇಳಿಸಬೇಕು ಅನ್ನುವ ಪಾರ್ಟಿಗೆ ಮಾತ್ರ ರಸ್ತೆಯಲ್ಲೇ ಕಳಿಸುತ್ತೇನೆ, ಘಾಟಿಯ ಖರ್ಚು ಬಿಲ್ಲಿಗೆ ಸೇರಿಸಿ.