ಡಂಬಾರ್ಟನ್ ಸೇತುವೆಯ ಈಚೆಗೊಂದು, ಆಚೆಗೊಂದು ರೇಡಿಯೊ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಬೆಳಿಗ್ಗೆ ಕಾರಿನಲ್ಲಿ ಕೆಲಸಕ್ಕೆ ಹೊರಡುವವರಿಗೆ ಸುದ್ದಿ ಕೇಳಲು ಮುಖ್ಯವಾಗಿ ಎರಡು ರೇಡಿಯೊ ಕೇಂದ್ರಗಳಿವೆ: ಜಾಹೀರಾತಿನ ವರಮಾನದಿಂದ ನಡೆಯುವ ಕೆಸಿಬಿಎಸ್ ಮತ್ತು ಬಹುಮಟ್ಟಿಗೆ ಕೇಳುಗರ ದೇಣಿಗೆಯನ್ನು ನೆಚ್ಚಿರುವ ಕೆಕ್ಯುಇಡಿ. ಫ್ರೀಮಾಂಟ್‌ನಿಂದ ಪಾಲೊ ಆಲ್ಟೊಗೆ ದಿನವೂ ಹೋಗಿಬರುವ ನಾನು ಒಂದು ವಾರ ಇದನ್ನು, ಒಂದು ವಾರ ಅದನ್ನು ಎಂಬಂತೆ ಎರಡು ತಿಂಗಳು ಕೇಳಿ ನೋಡಿದೆ.

ಸುದ್ದಿಗೆ ಜಾಹೀರಾತು ರೇಡಿಯೊವನ್ನು ನಂಬಬಹುದೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಭಾರತದಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಬಿತ್ತರಿಸಬಹುದು. ಹಾಗಾಗಿ ಪ್ರದೇಶ ಸಮಾಚಾರ ಕೇಳಿ ಬೆಳೆದ ನನ್ನಂಥವರಿಗೆ ರೇಡಿಯೊ ಸುದ್ದಿ ಎಂದರೆ ಸರ್ಕಾರಿ ಕೇಂದ್ರದ ಗಂಭೀರ ದನಿಯೇ ಆಗಿತ್ತು.

ಆ ಅನುಮಾನವನ್ನು ಕೆಸಿಬಿಎಸ್ ಬಹುಪಾಲು ಹೋಗಲಾಡಿಸಿತು. 1968ರಿಂದ ಸುದ್ದಿಗೇ ಮೀಸಲಾಗಿರುವ ಈ ಕೇಂದ್ರ, ಗಂಟೆಯ 8, 18, 28 ಹೀಗೆ ಎಂಟರಲ್ಲಿ ಕೊನೆಯಾಗುವ ಪ್ರತಿ ನಿಮಿಷಕ್ಕೆ ಸಂಚಾರ ಮತ್ತು ಹವಾಮಾನದ ವರದಿ ಕೊಡುತ್ತದೆ. ಕೊಲ್ಲಿಯನ್ನು ದಾಟಿಸುವ ಡಂಬಾರ್ಟನ್ ಸೇತುವೆಯನ್ನು ಹಿಡಿಯಬೇಕೋ, 880 ಹೆದ್ದಾರಿಯಲ್ಲಿ ದಕ್ಷಿಣಕ್ಕಿಳಿದು 237 ಹೆದ್ದಾರಿಯನ್ನು ಸೇರಬೇಕೋ ಎಂದು ಮನೆಯ ಬಳಿಯೇ ನಿರ್ಧರಿಸಬೇಕಾದ ನನಗೆ ಈ ಕ್ರಮಬದ್ಧತೆಯೇ ದೊಡ್ಡ ಉಪಕಾರ. ಫೋನಿನ ನಕ್ಷೆ ರಸ್ತೆ ಕೆಂಪಾಗಿದೆ ಎಂದಷ್ಟೇ ತೋರಿಸುತ್ತದೆ. ಯಾವ ಲೇನ್ ಮುಚ್ಚಿದೆ, ಏಕೆ ಮುಚ್ಚಿದೆ ಎಂಬುದು ವರದಿಗಾರರ ಬಾಯಲ್ಲಿ ತಿಳಿಯುತ್ತದೆ. ಜಾಹೀರಾತು ಪದೇ ಪದೇ ಬರುವುದು ನಿಜ, ಅರ್ಧ ಗಂಟೆಯೊಳಗೆ ಅದೇ ಸುದ್ದಿ ಮರಳುವುದೂ ನಿಜ. ಆದರೆ ನಡುವೆ ಕಾರು ಹತ್ತಿದವರಿಗೂ ಮುಖ್ಯ ಸುದ್ದಿ ತಪ್ಪದಿರಲೆಂದೇ ಈ ಏರ್ಪಾಟು. ಈ ಕೇಂದ್ರದ ಮೂಲ 1909ರಲ್ಲಿ ಚಾರ್ಲ್ಸ್ ಹೆರಾಲ್ಡ್ ಸ್ಯಾನ್ ಹೋಸೆಯಲ್ಲಿ ಆರಂಭಿಸಿದ ಪ್ರಯೋಗದಲ್ಲಿದೆ ಎಂಬುದನ್ನು ಆ ಊರಿನಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗರು ತಿಳಿದಿರಬೇಕೆಂದು ನನ್ನ ಆಸೆ.

88.5ರಲ್ಲಿ ಬರುವ ಕೆಕ್ಯುಇಡಿಯ ಬಲ ಬೇರೆ. ಅಲ್ಲಿ ಒಂದು ವಿಷಯಕ್ಕೆ ಏಳೆಂಟು ನಿಮಿಷ ಸಿಗುವುದುಂಟು. ಒಂಬತ್ತು ಗಂಟೆಗೆ ತೊಡಗುವ ‘ಫೋರಂ’ ಚರ್ಚೆಯಲ್ಲಿ ಬಾಡಿಗೆ, ನೀರು, ಶಾಲೆಗಳ ಬಗ್ಗೆ ಕೇಳುಗರು ಕರೆಮಾಡಿ ತಜ್ಞರನ್ನೇ ಪ್ರಶ್ನಿಸುತ್ತಾರೆ. ಆದರೆ ಸೇತುವೆಯ ಮೇಲೆ ಅಪಘಾತವಾಗಿದೆಯೇ ಎಂದು ಆ ಕ್ಷಣವೇ ತಿಳಿಯಬೇಕಾದಾಗ ಈ ನಿಧಾನ ಒದಗುವುದಿಲ್ಲ. ದೇಣಿಗೆ ಸಂಗ್ರಹದ ದಿನಗಳಲ್ಲಿ ಮನವಿಗಳೂ ಸಾಕಷ್ಟು ಸಮಯ ತೆಗೆದುಕೊಳ್ಳುತ್ತವೆ.

ಹಿಂದೆ 810ರಲ್ಲಿ ಕೆಜಿಒ ಎಂಬ ಮೂರನೆಯ ಆಯ್ಕೆಯೂ ಇತ್ತು. ಜಾಹೀರಾತಿನಿಂದಲೇ ನಡೆಯುತ್ತಿದ್ದ ಆ ಮಾತಿನ ಕೇಂದ್ರ 2022ರ ಅಕ್ಟೋಬರ್‌ನಲ್ಲಿ ಆ ಸ್ವರೂಪವನ್ನು ಕೈಬಿಟ್ಟಿತು. ಆ ಜಾಗವನ್ನು ಈ ಎರಡೂ ತುಂಬಿಲ್ಲವೆಂದೇ ನನ್ನ ಅಭಿಪ್ರಾಯ.

ಕೆಸಿಬಿಎಸ್ 740 ಎಎಂ ಮತ್ತು 106.9 ಎಫ್‌ಎಂ ಎರಡರಲ್ಲೂ ಸಿಗುತ್ತದೆ. ವಿದ್ಯುತ್ ಕಾರುಗಳ ಮೋಟಾರು ಎಎಂಗೆ ಅಡ್ಡಿಪಡಿಸುವುದರಿಂದ ಕೆಲವು ತಯಾರಕರು ಅದನ್ನೇ ತೆಗೆದುಹಾಕಿದ್ದಾರೆ. ಅಂಥ ಕಾರಿನವರಿಗೆ ಎಫ್‌ಎಂ ನೆರವಾಗುತ್ತದೆ. ಆದರೆ 50,000 ವಾಟ್‌ಗಳ ಎಎಂ ಪ್ರಸಾರ ಗುಡ್ಡಗಳಾಚೆಗೂ ತಲುಪುತ್ತದೆ. ಈಗ ನಾನು ಸೇತುವೆ ಮುಟ್ಟುವವರೆಗೆ ಕೆಸಿಬಿಎಸ್, ಅನಂತರ ಕೆಕ್ಯುಇಡಿ ಕೇಳುತ್ತೇನೆ. ಮಳೆಗಾಲದಲ್ಲಿ ವಿದ್ಯುತ್ ಹೋದಾಗ ಬಳಸಲು ಅಡುಗೆಮನೆಯಲ್ಲಿ ಇಟ್ಟಿರುವ ಬ್ಯಾಟರಿ ರೇಡಿಯೊದ ಮುಳ್ಳು ಮಾತ್ರ 740ರಲ್ಲೇ ನಿಂತಿರುತ್ತದೆ.