ವಾಕರ್ ತರುವ ಮುಂಚೆ ಅದರ ಕಾಲಿನ ರಬ್ಬರ್ ಕಿತ್ತು ನೋಡಿ

ಕಲಬುರಗಿಯ ಒಂದು ಮನೆಯಲ್ಲಿ ಮುತ್ಯಾ ಒಬ್ಬರು ಬಚ್ಚಲ ಬಾಗಿಲಲ್ಲೇ ಬಿದ್ದು ಸೊಂಟ ಮುರಿದುಕೊಂಡರು. ಹಿಡಿದಿದ್ದ ವಾಕರ್ ತಂದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಫರಸಿ ಒದ್ದೆಯಾಗಿತ್ತು, ಕಾಲು ಜಾರಿತು ಅಂದುಕೊಂಡರು ಮನೆಯವರು. ವಾಕರ್ ತಲೆಕೆಳಗು ಮಾಡಿದಾಗ ನಿಜ ಗೊತ್ತಾಯಿತು. ಮುಂದಿನ ಬಲಗಾಲಿನ ತುದಿಗೆ ಟೋಪಿಯಂತೆ ಹಾಕುವ ರಬ್ಬರ್ ಬುಷ್ ತಳದಲ್ಲಿ ದುಂಡಗೆ ಸೀಳಿ, ಅಲ್ಯೂಮಿನಿಯಂ ಪೈಪಿನ ಅಂಚು ಹೊರಗೆ ಬಂದಿತ್ತು. ನುಣುಪು ಶಹಾಬಾದ್ ಕಲ್ಲಿನ ಮೇಲೆ ನೀರು ನಿಂತಾಗ ಆ ಲೋಹಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಬುಷ್‌ನ ಒಳಗೆ ಇರಬೇಕಾದ ಒಂದು ಬಿಲ್ಲೆ ಇರಲಿಲ್ಲ, ಅಷ್ಟೇ. ಪೈಪು ಟೊಳ್ಳು, ಅದರ ಅಂಚು ಹರಿತ. ಮೈಭಾರ ಬಿದ್ದಾಗಲೆಲ್ಲ ಅದು ರಬ್ಬರನ್ನು ಕೊರೆಯುತ್ತದೆ, ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ಪೂರಿ ಕತ್ತರಿಸಿದ ಹಾಗೆ. ಒಳ್ಳೆ ಬುಷ್‌ನ ತಳದಲ್ಲಿ ಆ ಲೋಹದ ಬಿಲ್ಲೆ, ಅಂದರೆ ವಾಷರ್, ಕೂತು ಭಾರವನ್ನು ಹರಡುತ್ತದೆ. ಅಂಗಡಿಯಲ್ಲೇ ಬುಷ್ ತಿರುಚಿ ಎಳೆದು, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಕೆಲವದರಲ್ಲಿ ವಾಷರ್ ರಬ್ಬರಿನೊಳಗೇ ಹುದುಗಿರುತ್ತದೆ. ಉಕ್ಕಿನದಾದರೆ ಸಣ್ಣ ಅಯಸ್ಕಾಂತ ಅಂಟುತ್ತದೆ. ಕಿತ್ತು ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ನಮ್ಮ ಬಿಸಿಲೂ ರಬ್ಬರಿಗೆ ಶತ್ರು. 40 ಡಿಗ್ರಿ ದಾಟುವ ದಿನಗಳಲ್ಲಿ ಅಂಗಳದಲ್ಲಿ ಬಿಟ್ಟ ವಾಕರ್‌ನ ಬುಷ್ ಗಟ್ಟಿಯಾಗಿ, ಸುತ್ತಲೂ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಉಗುರಿನಿಂದ ಒತ್ತಿ ನೋಡಿ: ತಗ್ಗಿ ಮತ್ತೆ ಉಬ್ಬಿದರೆ ಜೀವವಿದೆ, ಪ್ಲಾಸ್ಟಿಕ್ಕಿನ ಹಾಗೆ ತಗ್ಗದೇ ಇದ್ದರೆ ಅದೇ ದಿನ ಬದಲಿಸಿ. ತಳದ ಉಂಗುರದ ಗೆರೆಗಳು ಸವೆದರೂ ಅಷ್ಟೇ. ಕಲ್ಲಿನ ಪುಡಿ ಮೆತ್ತಿದರೆ ಹೊಸ ರಬ್ಬರೂ ಜಾರುತ್ತದೆ, ಹಾಗಾಗಿ ವಾರಕ್ಕೊಮ್ಮೆ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಬದಲಿಸುವಾಗ ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. 22 ಮಿ.ಮೀ. ಪೈಪಿಗೆ 25ರ ಬುಷ್ ತಂದು, ಸಡಿಲಾಯಿತೆಂದು ಬಟ್ಟೆಯನ್ನೋ ಟೇಪನ್ನೋ ಸುತ್ತುತ್ತಾರೆ. ಭಾರ ಓರೆಯಾಗಿ ಬಿದ್ದ ಕೂಡಲೇ ಅದು ಕಳಚಿಕೊಳ್ಳುತ್ತದೆ. ಪೈಪಿನ ಹೊರ ಅಳತೆಯನ್ನು ವರ್ನಿಯರ್ ಎಂಬ ಅಳತೆಯ ಸಾಧನದಿಂದ ತೆಗೆಸಿಕೊಂಡು ಹೋಗಿ. ಹಾಕುವಾಗ ಎಣ್ಣೆ ಬೇಡ, ತುಸು ನೀರು ಹಚ್ಚಿ ತಿರುಚುತ್ತ ಪೈಪು ತಳಕ್ಕೆ ತಾಗುವವರೆಗೂ ಒತ್ತಿ. ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಒಂದೇ ಹೊಸದಾದರೆ ವಾಕರ್ ಕುಂಟುತ್ತದೆ.

ಎತ್ತರ: ದಿನದ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನಾಲ್ಕೂ ಕಾಲಿನ ಎತ್ತರ ಹೊಂದಿಸುವ ಒತ್ತುಗುಂಡಿ ಒಂದೇ ಮಟ್ಟದ ತೂತಿನಲ್ಲಿ ಪೂರ್ತಿ ಹೊರಗೆ ಬಂದಿರಲಿ.

ಇಂಥವನ್ನು ತಯಾರಿಸುವವರಿಗೂ ಒಂದು ಮಾತು. ನಡಿಗೆ ಸಾಧನಗಳ ತುದಿಯ ಘರ್ಷಣೆಯನ್ನು ಅಳೆಯಲೆಂದೇ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ (ಐಎಸ್‌ಒ) 24415 ಎಂಬ ಮಾನದಂಡ ಇದೆ. ಒಣ ನೆಲದ ಜೊತೆಗೆ ಒದ್ದೆ ಫರಸಿಯ ಮೇಲೂ ನಿಮ್ಮ ಬುಷ್ ಪರೀಕ್ಷಿಸಿ. ಅದರ ಒಳ ಅಳತೆಯನ್ನು ರಬ್ಬರಿನ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚೊತ್ತಿ, ಡಬ್ಬಿಯಲ್ಲಿ ನಾಲ್ಕು ಹೆಚ್ಚುವರಿ ಬುಷ್ ಇಡಿ.