ಲೈಪೇಸ್ ಪತ್ತೆಗೆ ಯಾವ ತಟ್ಟೆ: ಟ್ರೈಬ್ಯುಟಿರಿನ್ನೋ, ರೋಡಮಿನ್-ಬಿಯೋ?

ಬೆಂಗಳೂರಿನ ಹೋಟೆಲ್ ಚರಂಡಿಯ ಜಿಡ್ಡಿನಿಂದಲೋ ಎಣ್ಣೆ ಗಾಣದ ಅಂಗಳದ ಮಣ್ಣಿನಿಂದಲೋ ಬ್ಯಾಕ್ಟೀರಿಯಾ ಬೆಳೆಸಿದ್ದರೆ, ಅದರಲ್ಲಿ ಲೈಪೇಸ್ (ಕೊಬ್ಬು ಒಡೆಯುವ ಕಿಣ್ವ) ಇದೆಯೇ ಎಂಬ ಮೊದಲ ಜಾಲಾಟಕ್ಕೆ ಟ್ರೈಬ್ಯುಟಿರಿನ್ ಎಂಬ ಚಿಕ್ಕ ಕೊಬ್ಬನ್ನು ಶೇ. 1ರಷ್ಟು ಬೆರೆಸಿದ ಅಗರ್ ತಟ್ಟೆ ಸಲೀಸು. ಒಂದೆರಡು ದಿನದಲ್ಲಿ ಕಾಲನಿಯ ಸುತ್ತ ತಿಳಿ ವಲಯ ಬರಿಗಣ್ಣಿಗೇ ಕಾಣುತ್ತದೆ. ಆದರೆ ಟ್ರೈಬ್ಯುಟಿರಿನ್ನಿನ ಕೊಬ್ಬಿನಾಮ್ಲ ಸರಪಳಿ ನಾಲ್ಕೇ ಕಾರ್ಬನ್ನಿನದು, ಚಿಕ್ಕ ಸರಪಳಿ ಒಡೆಯುವ ಎಸ್ಟರೇಸ್ ಕಿಣ್ವ ಕೂಡ ಅದನ್ನು ಕತ್ತರಿಸುತ್ತದೆ. ಹಾಗಾಗಿ ವಲಯ ಕಂಡ ಮಾತ್ರಕ್ಕೆ ಲೈಪೇಸ್ ಎಂದು ಬರೆದುಕೊಳ್ಳಬೇಡಿ.

ಆ ಗೊಂದಲ ಬಿಡಿಸುವುದು ಉದ್ದ ಸರಪಳಿಯ ಆಲಿವ್ ಎಣ್ಣೆಯನ್ನೂ ರೋಡಮಿನ್-ಬಿ ಎಂಬ ಬಣ್ಣವನ್ನೂ ಬೆರೆಸಿದ ತಟ್ಟೆ. ಲೀಟರ್ ಮಾಧ್ಯಮಕ್ಕೆ ಸುಮಾರು 30 ಮಿ.ಲೀ. ಆಲಿವ್ ಎಣ್ಣೆ, 10 ಮಿ.ಗ್ರಾಂ ಬಣ್ಣ. ಮಾಧ್ಯಮ 60 ಡಿಗ್ರಿಗೆ ಇಳಿದ ಮೇಲೆ ಹಾಕಿ ಜೋರಾಗಿ ಕಲಕಿ, ತಡಮಾಡದೆ ಸುರಿಯಿರಿ. ಎಣ್ಣೆ ಮೇಲೆ ತೇಲಿದರೆ ತಟ್ಟೆ ಕೆಟ್ಟಂತೆಯೇ. 350 ನ್ಯಾನೊಮೀಟರ್ ನೇರಳಾತೀತ ಬೆಳಕಿನಲ್ಲಿ ಕಿತ್ತಳೆ ಹೊಳಪು ಕಂಡರೆ ನಂಬಬಹುದು. ಕನ್ನಡಕ, ಕೈಗವಸು ಬೇಕೇ ಬೇಕು.

ಎರಡೂ ತಟ್ಟೆಗಳು ಕಿಣ್ವದ ಪ್ರಮಾಣ ಹೇಳುವುದಿಲ್ಲ. ಅದಕ್ಕೆ ಲೈಪೇಸ್ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ಪ್ಯಾರಾ-ನೈಟ್ರೋಫಿನೈಲ್ ಪಾಲ್ಮಿಟೇಟ್ ಬಳಸಿ, ಪಿಎಚ್ 8ರಲ್ಲಿ, 410 ನ್ಯಾನೊಮೀಟರಿನಲ್ಲಿ ಅಳೆಯಿರಿ. ಪಿಎಚ್ 7ಕ್ಕಿಂತ ಇಳಿದರೆ ಕಿಣ್ವ ಚುರುಕಾಗಿದ್ದರೂ ಹಳದಿ ಬಣ್ಣ ಮಾಸುತ್ತದೆ. ತೀರಾ ಏರಿದರೆ ಆ ಪಾಲ್ಮಿಟೇಟ್ ಕಿಣ್ವವಿಲ್ಲದೆ ತಾನಾಗಿಯೇ ಒಡೆಯುತ್ತದೆ. ಕಿಣ್ವ ಹಾಕದ ಕೊಳವೆಯೊಂದನ್ನು ಪ್ರತಿ ಪಿಎಚ್‌ಗೂ ಇಟ್ಟು ಅದರ ಅಂಕಿ ಕಳೆಯಿರಿ.